ಓಡುವ ಹಿಟ್ಟು ತಿಗಣೆ

ಅಜ್ಜಂಪುರದ ಹತ್ತಿರ ಒಂದು ಮೆಣಸಿನಕಾಯಿ ಹೊಲದಲ್ಲಿ ನಾನು ಬಿದ್ದೆ. ಬೆನ್ನ ಮೇಲೆ ಪಂಪ್ ಇತ್ತು, ಗಾಳಿ ಎದುರಿಗಿತ್ತು. ಎದುರುಗಾಳಿಗೆ ಔಷಧಿ ಹೊಡೆಯಬಾರದು ಎಂದು ಹತ್ತಾರು ಜನಕ್ಕೆ ಹೇಳಿಕೊಟ್ಟವನು ನಾನೇ. ಆದರೆ ಉಳಿದಿದ್ದು ನಾಲ್ಕೇ ಸಾಲು, ಮುಗಿಸಿಯೇ ಬಿಡೋಣ ಅಂದುಕೊಂಡೆ. ಮೊದಲು ಬಾಯಲ್ಲಿ ಜೊಲ್ಲು ಬಂತು, ಆಮೇಲೆ ಬೆವರು, ಆಮೇಲೆ ಕಾಲಡಿಯ ಸಾಲೇ ಮಂಜಾಯಿತು. ತರೀಕೆರೆಯ ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಮೂರನೇ ದಿನ ಡಾಕ್ಟರು ಮನೆಗೆ ಕಳಿಸುವಾಗ ಮಾತನ್ನು ಸುತ್ತಿಬಳಸಲಿಲ್ಲ.

"ಇನ್ಮೇಲೆ ಆ ಪಂಪ್ ಮುಟ್ಬೇಡಿ. ಇನ್ನೊಂದು ಸಲ ಹೀಗಾದ್ರೆ ಇಲ್ಲಿಗೆ ಕರ್ಕೊಂಡು ಬರೋಷ್ಟು ಟೈಮ್ ಸಿಗುತ್ತೆ ಅಂತ ನಾನು ಹೇಳಲ್ಲ."

ಊರಿನಲ್ಲಿ ನಾನು ಹೇಳಿದ್ದು ಬೇರೆ. ಬಿಸಿಲಿಗೆ ತಲೆ ಸುತ್ತಿ ಬಿದ್ದೆ ಎಂದೆ. ನಿಜ ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಅವಳ ತಮ್ಮ ಅಜ್ಜಂಪುರದಲ್ಲಿ ಇದೇ ಕೆಲಸ ಮಾಡುತ್ತಾನೆ, ಪಂಪ್ ಹಿಡಿಯಲು ಕಲಿತದ್ದು ನನ್ನ ಕೈಕೆಳಗೆ. ಅವನಿಗೂ ಹೇಳಬೇಡ ಎಂದು ಅವಳ ಹತ್ತಿರ ಮಾತು ತೆಗೆದುಕೊಂಡೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಕಡೂರಿನಿಂದ ಅಜ್ಜಂಪುರದವರೆಗೆ ಒಂದು ಹೆಸರು ಇದ್ದದ್ದು ಆ ಪಂಪಿನಿಂದ. ಮೆಣಸಿನ ಗಿಡದ ಎಲೆ ಮೇಲಕ್ಕೆ ಮುದುರಿದ್ದರೆ ಥ್ರಿಪ್ಸ್, ಕೆಳಕ್ಕೆ ಮುದುರಿದ್ದರೆ ನುಸಿ ಎಂದು ರಸ್ತೆಯಲ್ಲಿ ನಿಂತೇ ಹೇಳುತ್ತಿದ್ದೆ. ಅಂಥವನು ಔಷಧಿ ವಾಸನೆಗೆ ಹೆದರುತ್ತಾನೆ ಎಂದು ಯಾರ ಬಾಯಲ್ಲೂ ಬರಬಾರದು.

ಬೀರೂರಿನಿಂದ ತರೀಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ನರ್ಸರಿ ಇದೆ. ಅಲ್ಲಿ ಕೆಲಸಕ್ಕೆ ಸೇರಿದೆ. ಯಜಮಾನಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತೇವೆ. ಅವರ ಬಳಿ ನಲವತ್ತು ಸೀಬೆ ತಾಯಿಗಿಡಗಳಿದ್ದವು. ಆ ಗಿಡಗಳ ರೆಂಬೆಗೆ ಗೂಟಿ ಕಟ್ಟಿ ಸಸಿ ಮಾಡುವುದೇ ನರ್ಸರಿಯ ಜೀವ. ತೊಗಟೆಯನ್ನು ಬಳೆಯಷ್ಟಗಲ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಕಟ್ಟಿ ಬೇರು ಬರಿಸುವ ಈ ಕೆಲಸಕ್ಕೆ ಒಬ್ಬ ಹೆಂಗಸು ಇದ್ದಳು. ನನಗಿಂತ ಮೊದಲಿನಿಂದ ಅಲ್ಲಿದ್ದವಳು, ನಾನು ಅಕ್ಕ ಎನ್ನುತ್ತಿದ್ದೆ. ಅವಳ ಬೆರಳೆಷ್ಟು ಚುರುಕೋ ಬಾಯಿಯೂ ಅಷ್ಟೇ.

ಸೇರಿದ ಎರಡನೇ ತಿಂಗಳಿಗೆ ರಸ್ತೆ ಪಕ್ಕದ ಸಾಲಿನಲ್ಲಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಎಲೆಯ ತೊಟ್ಟಿನ ಸಂದಿಯಲ್ಲಿ, ಕಾಯಿಯ ಬುಡದಲ್ಲಿ, ನುಚ್ಚಕ್ಕಿಯಷ್ಟು ಬಿಳಿ ಬಿಳಿ. ಮೈಗೆ ಹಿಟ್ಟು ಬಳಿದುಕೊಂಡು ಕೂತು ಗಿಡದ ರಸ ಹೀರುವ ಹುಳ ಅದು. ಅದರಿಂದ ಸೋರುವ ಅಂಟಿಗೆ ಎಲೆಯ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಹತ್ತಿತ್ತು. ಕಾಂಡದ ಮೇಲೆ ಗೊದ್ದ ಇರುವೆಗಳು ಮೇಲಕ್ಕೂ ಕೆಳಕ್ಕೂ ಸಾಲು ಹಿಡಿದಿದ್ದವು.

ಅಮ್ಮಾವ್ರು ನನ್ನ ಮುಖ ನೋಡಿದರು. "ಏನಪ್ಪಾ, ನಿನ್ಗೆ ಹೇಳ್ಕೊಡ್ಬೇಕಾ? ಯಾವ್ದು ಹೊಡೀಬೇಕು ಹೇಳು, ಕಡೂರಿಂದ ತರಿಸ್ತೀನಿ."

"ಔಷ್ದಿ ಬೇಡ ಅಮ್ಮಾ. ಸೋಪಿನ ನೀರಲ್ಲಿ ನೋಡೋಣ" ಎಂದೆ.

ಅಕ್ಕ ಗೂಟಿ ಕಟ್ಟುವುದನ್ನು ನಿಲ್ಲಿಸಿ ತಿರುಗಿದಳು. "ಅಯ್ಯೋ, ಔಷ್ದಿ ಅಣ್ಣ ಔಷ್ದಿ ಬೇಡ ಅಂತಾನೆ ಕಣ್ರಮ್ಮಾ! ಮೂಡಲ ಎತ್ಲಾಗಿದೆ ಇವತ್ತು?"

ನಗದೆ ಸೋಪಿನ ನೀರಿಗೆ ಬಕೆಟ್ ತರಲು ಹೋದೆ. ಇಬ್ಬರೂ ಅದನ್ನು ಗಾಂಭೀರ್ಯ ಅಂದುಕೊಂಡರು.

ಒಂದು ವಾರ ಸೋಪಿನ ನೀರು, ಇನ್ನೊಂದು ವಾರ ಬೇವಿನೆಣ್ಣೆ. ಮೇಲಿದ್ದವು ಸತ್ತವು, ಸಂದಿಯಲ್ಲಿದ್ದವು ಉಳಿದವು. ಮತ್ತೆ ಅಷ್ಟೇ ಆದವು. ಕೊನೆಗೆ ಅಮ್ಮಾವ್ರ ಪರಿಚಯದ ಒಬ್ಬ ಮೇಡಂ ಬಂದರು. ತೋಟದ ಹುಳಗಳ ಬಗ್ಗೆ ಓದಿದವರು, ಇನ್ನೂ ಚಿಕ್ಕ ವಯಸ್ಸು. ಕೈಯಲ್ಲಿ ಎರಡು ಡಬ್ಬ. ಒಳಗೆ ಹೆಸರುಕಾಳಿನಷ್ಟು ಗಾತ್ರದ ದುಂಡನೆಯ ಹುಳಗಳು, ಕಪ್ಪು ಬೆನ್ನು, ಇಟ್ಟಿಗೆ ಬಣ್ಣದ ತಲೆ. ಕೆಂಪು ಮೈಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳವನ್ನು ಎಲ್ಲರೂ ನೋಡಿರುತ್ತೇವೆ, ಇದು ಅದರ ದಾಯಾದಿ ಎಂದರು. ಇದಕ್ಕೆ ಊಟವೇ ಹಿಟ್ಟು ತಿಗಣೆಯಂತೆ.

"ಮೊದ್ಲು ಗೊದ್ದ ನಿಲ್ಲಿಸ್ಬೇಕು ಅಣ್ಣಾ. ತಿಗಣೆ ಬಿಡೋ ಸಿಹಿ ಅಂಟು ಗೊದ್ದಕ್ಕೆ ಬೇಕು. ಅದಕ್ಕೇ ಅವು ಕಾವಲು ಕಾಯ್ತವೆ, ನಮ್ಮ ಹುಳನ ಹತ್ರಕ್ಕೆ ಸೇರಿಸಲ್ಲ" ಎಂದರು. ಇನ್ನೂ ಏನೇನೋ ಹೇಳಿ, ಎರಡೂ ಕಡೆ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. "ಹಿಂದಿನ ಪುಟ ಮುಖ್ಯ. ಓದ್ಕೊಳಿ."

ಓದಿಕೊಳ್ಳುತ್ತೇನೆ ಎಂದು ಹಾಳೆ ಮಡಿಸಿ ಜೇಬಿಗಿಟ್ಟೆ. ಸಣ್ಣ ಅಕ್ಷರವನ್ನು ಬೆರಳಿಟ್ಟು ಕೂಡಿಸಿ ಓದಬೇಕು ನಾನು. ಅಕ್ಕನ ಎದುರಿಗೆ ಅದನ್ನು ಮಾಡಲು ಮನಸ್ಸು ಬರಲಿಲ್ಲ. ಹುಳದ ವಿಷಯದಲ್ಲಿ ನನಗೆ ಹಾಳೆ ಬೇಕೇ ಎಂಬ ಜಂಬವೂ ಇತ್ತು. ನಾಲ್ಕು ದಿನದ ಮೇಲೆ ನೆನಪಾಗಿ ಹುಡುಕಿದರೆ ಅಂಗಿ ಒಗೆಯಲು ಹೋಗಿತ್ತು. ಜೇಬಿನಲ್ಲಿ ಸಿಕ್ಕಿದ್ದು ಒಂದು ಬಿಳಿ ಉಂಡೆ.

ಕೈಕೆಲಸವನ್ನು ಮಾತ್ರ ಚಾಚೂ ತಪ್ಪದೆ ಮಾಡಿದೆ. ನೆಲ ಮುಟ್ಟುವ ರೆಂಬೆ ಸವರಿದೆ. ಪ್ರತಿ ಕಾಂಡಕ್ಕೆ ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗ್ರೀಸ್ ಬಳಿದೆ. ಗೊದ್ದಗಳು ಪಟ್ಟಿಯವರೆಗೆ ಬಂದು ಮೀಸೆ ಆಡಿಸಿ ವಾಪಸ್ಸು ಹೋದವು. ಎರಡು ದಿನ ಕಾಯ್ದು, ಬಿಸಿಲು ಇಳಿದ ಮೇಲೆ ಡಬ್ಬದ ಮುಚ್ಚಳ ತೆಗೆದು, ತಿಗಣೆ ದಟ್ಟವಾಗಿದ್ದ ಕವಲುಗಳಿಗೆ ಹುಳಗಳನ್ನು ಒಂದೊಂದಾಗಿ ಹತ್ತಿಸಿದೆ. ಹುಳ ಬಿಡುವ ಕೆಲಸ ನನ್ನ ಜನ್ಮದಲ್ಲಿ ಅದೇ ಮೊದಲು. ಅಲ್ಲಿಯವರೆಗೆ ನಾನು ಹೆಸರು ಹಿಡಿದು ಕರೆಯುತ್ತಿದ್ದವೆಲ್ಲ ಸಾಯಬೇಕಾದ ಹುಳಗಳೇ.

ವಾರ ಕಳೆಯುವುದರಲ್ಲಿ ಕಪ್ಪು ಹುಳ ಅಪರೂಪವಾದವು. ಎರಡನೇ ವಾರ ಹುಡುಕಿದರೂ ಒಂದೋ ಎರಡೋ.

"ನಿನ್ನ ಹುಳ ಬೀರೂರು ಸ್ಟೇಷನ್ನಿಗೆ ಹೋಗಿ ಟ್ರೈನ್ ಹತ್ತಿರ್ಬೇಕು ಕಣಣ್ಣ" ಎಂದಳು ಅಕ್ಕ.

ಮೂರನೇ ವಾರದ ಒಂದು ಬೆಳಿಗ್ಗೆ ರಸ್ತೆ ಪಕ್ಕದ ಸಾಲಿನಲ್ಲಿ ಎಲೆ ತಿರುಗಿಸಿದವನು ಹಾಗೇ ನಿಂತುಬಿಟ್ಟೆ. ತಿಗಣೆ ದೊಡ್ಡದಾಗಿತ್ತು. ನುಚ್ಚಕ್ಕಿಯಷ್ಟಿದ್ದದ್ದು ಇಡೀ ಅಕ್ಕಿ ಕಾಳನ್ನೂ ಮೀರಿತ್ತು. ಮೈತುಂಬ ಉದ್ದುದ್ದ ಬಿಳಿ ಎಳೆ, ಹಿಂಜಿದ ಹತ್ತಿಯ ಹಾಗೆ. ಮುಟ್ಟಲು ಹೋದರೆ ಓಡಿತು. ಹಿಟ್ಟು ತಿಗಣೆ ಓಡಿದ್ದನ್ನು ನನ್ನ ಆಯುಷ್ಯದಲ್ಲೇ ಕಂಡಿರಲಿಲ್ಲ. ಅದು ಕೂತ ಜಾಗ ಬಿಟ್ಟು ಕದಲುವುದೇ ಕಷ್ಟ. ಇದು ತೊಟ್ಟು ದಾಟಿ, ರೆಂಬೆ ಹಿಡಿದು, ಮರೆಗೆ ಹೋಯಿತು.

ನನಗೆ ಹೊಳೆದದ್ದು ಒಂದೇ. ನಾನು ಹಾಕಿದ ಸೋಪು, ಬೇವು ಕುಡಿದು ಬದುಕಿದ ತಿಗಣೆ ಬೇರೆ ಜಾತಿಯೇ ಆಗಿ ಎದ್ದು ನಿಂತಿದೆ. ಅರೆಬರೆ ಔಷಧಿ ಹೊಡೆದರೆ ಹುಳಕ್ಕೆ ಸೊಕ್ಕು ಬರುತ್ತದೆ ಎಂಬುದು ನಮ್ಮ ಕಸುಬಿನವರ ಮಾತು. ನನ್ನ ಹೆದರಿಕೆಯೇ ಅದನ್ನು ಸಾಕಿ ಬೆಳೆಸಿತು ಅನ್ನಿಸಿತು.

ಮೇಡಂಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಹಾಳೆ ಓದಿದಿರಾ ಎಂದು ಕೇಳುತ್ತಾರೆ. ಮಾಡಲಿಲ್ಲ. ಅಕ್ಕನನ್ನು ಕರೆದೆ. ಇಬ್ಬರೂ ಬಕೆಟ್ಟಿನಲ್ಲಿ ಸೋಪಿನ ನೀರಿಟ್ಟುಕೊಂಡು ಎರಡು ದಿನ ಆ ದೊಡ್ಡವನ್ನು ಮಾತ್ರ ಆರಿಸಿದೆವು. ಕೆಲವನ್ನು ನೀರಿಗೆ ಹಾಕಿದೆವು, ಕೆಲವನ್ನು ಹೆಬ್ಬೆರಳಲ್ಲಿ ಒರೆಸಿದೆವು. ನಾಲ್ಕು ಗಿಡ ಮುಗಿಯಿತು. ಅಷ್ಟರಲ್ಲಿ ಆಚೆ ಸಾಲುಗಳಲ್ಲೂ ಓಡುವವು ಕಂಡವು.

ಶನಿವಾರ ಅಮ್ಮಾವ್ರು ಬಂದು ನೋಡಿದರು. ದೇವನೂರು ಹೋಬಳಿಯ ಒಬ್ಬ ದೊಡ್ಡ ರೈತರು ಸೋಮವಾರ ಸಸಿ ನೋಡಲು ಬರುವವರಿದ್ದರು.

"ಅವ್ರು ತಾಯಿಗಿಡ ನೋಡ್ದೆ ಸಸಿ ಎತ್ತಲ್ಲ ಕಣಪ್ಪಾ. ಇಷ್ಟು ಬೆಳ್ಳಗೆ ಕಂಡ್ರೆ ಗೇಟಿಂದ್ಲೇ ವಾಪಸ್ ಹೋಗ್ತಾರೆ. ನಿನ್ ಮಾತು ಕೇಳಿ ಕೇಳಿ ಈ ಗತಿ ಬಂತು. ಔಷ್ದಿ ತರಿಸಿದೀನಿ. ನೀನು ಹೊಡೀತೀಯೋ, ಬೇರೆಯೋರ್ನ ಕರೀಲೋ?"

ನಾನು ಬಾಯಿ ಬಿಡುವ ಮೊದಲೇ ಅಕ್ಕ ಹೇಳಿದಳು, "ಅಜ್ಜಂಪುರದೋನೊಬ್ಬ ಇದಾನೆ ಕಣ್ರಮ್ಮಾ, ಮುಖಕ್ಕೆ ಬಟ್ಟೆನೂ ಕಟ್ದೆ ಹೊಡೀತಾನೆ, ಗಟ್ಟಿ ಆಳು. ನಾಳೆ ಎಂಟು ಗಂಟೆಗೆ ಬಾ ಅಂತೀನಿ." ಅವಳ ಫೋನಿನಲ್ಲಿದ್ದ ಹೆಸರು ನೋಡಿದೆ. ನನ್ನ ಬಾಮೈದ.

ಮುಖಕ್ಕೆ ಬಟ್ಟೆ ಕಟ್ಟದೆ ಹೊಡೆಯುವುದನ್ನು ಅವನು ಕಲಿತದ್ದು ಯಾರಿಂದ ಎಂದು ನನಗೆ ಗೊತ್ತಿತ್ತು. ನಾನು ಯಾವತ್ತೂ ಕಟ್ಟಿದವನಲ್ಲ. ಕಟ್ಟಿಕೊಂಡವರನ್ನು ಹೆಣ್ಣಿಗ ಎಂದು ಅವನ ಎದುರಿಗೇ ಆಡಿಕೊಂಡಿದ್ದೆ.

ಆ ರಾತ್ರಿ ತೀರ್ಮಾನ ಮಾಡಿದೆ. ಅವನು ಬರುವ ಮೊದಲೇ ನಾನೇ ಹೊಡೆದು ಮುಗಿಸಬೇಕು. ಹೆಂಡತಿಗೆ ಹೇಳಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನರ್ಸರಿಯಲ್ಲಿದ್ದೆ. ಎಲೆ ಅಲುಗುತ್ತಿರಲಿಲ್ಲ, ಗಾಳಿ ಇಲ್ಲ, ಹೊಡೆಯಲು ಸರಿಯಾದ ಹೊತ್ತು. ಮಳೆಕೋಟು ಹಾಕಿಕೊಂಡೆ. ಟವೆಲ್ಲನ್ನು ಮೂಗು ಬಾಯಿಗೆ ಎರಡು ಸುತ್ತು ಕಟ್ಟಿದೆ, ಜೀವನದಲ್ಲಿ ಮೊದಲ ಸಲ. ಪಂಪಿಗೆ ಅರ್ಧ ನೀರು ತುಂಬಿದೆ. ಷೆಡ್ಡಿನಿಂದ ಬಾಟಲಿ ತಂದು ಮುಚ್ಚಳ ತಿರುಗಿಸಿದೆ.

ಟವೆಲ್ ದಾಟಿ ವಾಸನೆ ಬಂತು. ಅದೇ ವಾಸನೆ. ಅಲ್ಲೇ ಕೂತುಬಿಟ್ಟೆ. ಬಾಯಿ ತುಂಬ ನೀರು ಬಂತು. ಅದು ಔಷಧಿಯ ಜೊಲ್ಲೋ, ಹೆದರಿಕೆಯ ಜೊಲ್ಲೋ ತಿಳಿಯಲಿಲ್ಲ. ಕೈ ನೋಡಿಕೊಂಡೆ. ಮುಚ್ಚಳದಲ್ಲಿ ಅಳೆದು ಹಾಕಬೇಕು, ಆ ಮುಚ್ಚಳವನ್ನು ಹಿಡಿಯಲಾಗದಷ್ಟು ನಡುಗುತ್ತಿತ್ತು. ಬಾಟಲಿ ಮುಚ್ಚಿ ದೂರ ಇಟ್ಟು, ನಲ್ಲಿಯ ಹತ್ತಿರ ಹೋಗಿ ಕೈ ಉಜ್ಜಿ ಉಜ್ಜಿ ತೊಳೆದೆ. ಇನ್ನೊಂದು ಸಲ ಪ್ರಯತ್ನಿಸೋಣ, ಅಷ್ಟರಲ್ಲಿ ಮನಸ್ಸು ಹದಕ್ಕೆ ಬರಲಿ ಎಂದು ಗಿಡದ ಹತ್ತಿರ ಹೋದೆ. ಹೊಡೆಯುವ ಮೊದಲು ಎಲೆ ತಿರುಗಿಸಿ ಹುಳ ಎಲ್ಲಿ ಕೂತಿದೆ ನೋಡಿ ನಾಜಲ್ಲಿನ ಓರೆ ಗೊತ್ತುಮಾಡಿಕೊಳ್ಳುವುದು ನನ್ನ ಹಳೆಯ ಅಭ್ಯಾಸ.

ತಿರುಗಿಸಿದ ಎಲೆಯಲ್ಲಿ ಒಂದು ದೊಡ್ಡದಿತ್ತು. ಓಡಲಿಲ್ಲ. ಅದರ ತಲೆ ಒಂದು ಸಣ್ಣ ತಿಗಣೆಯ ಮೈಯೊಳಗೆ ಹೂತಿತ್ತು. ಮೊದಲು ಎರಡೂ ಅಂಟಿಕೊಂಡಿವೆ ಅಂದುಕೊಂಡೆ. ನೋಡುತ್ತ ನಿಂತಂತೆ ಸಣ್ಣದು ಕುಗ್ಗಿತು. ಬರಿಯ ಹಿಟ್ಟು ಉಳಿಯಿತು. ದೊಡ್ಡದು ಆ ಹಿಟ್ಟು ಬಿಟ್ಟು ಮುಂದಿನದಕ್ಕೆ ನಡೆಯಿತು.

ಅಂಗೈ ಚಾಚಿ ಅದನ್ನು ಹತ್ತಿಸಿಕೊಂಡೆ. ಬಿಳಿ ಎಳೆಗಳ ಕೆಳಗೆ ಆರು ಕಾಲು, ನಡೆಯುವುದಕ್ಕೇ ಮಾಡಿದ ಕಾಲುಗಳು. ಮಣಿಕಟ್ಟಿನವರೆಗೆ ಓಡಿತು. ಹಾಗಾದರೆ ಎರಡು ದಿನ ಬಕೆಟ್ಟಿಗೆ ಹಾಕಿದ್ದು? ಹೆಬ್ಬೆರಳು ನೋಡಿಕೊಂಡೆ.

ಆದರೂ ನಂಬಿಕೆ ಬರಲಿಲ್ಲ. ಹೊಡೆಯಲು ಹೆದರಿ ಕೂತವನು ನಾನು, ಹೊಡೆಯದಿರಲು ಒಂದು ನೆಪ ಹುಡುಕುತ್ತಿದ್ದೇನೋ ಏನೋ. ಸಸಿ ನೆಡುವ ಒಂದು ಖಾಲಿ ಬಟ್ಟಲು ತೆಗೆದುಕೊಂಡೆ. ತಿಗಣೆ ಇದ್ದ ಎಲೆಯ ತುಂಡನ್ನು ಒಳಗಿಟ್ಟೆ. ಹತ್ತು ತಿಗಣೆ ಎಣಿಸಿ ಬಿಟ್ಟು, ಉಳಿದವನ್ನು ಕಡ್ಡಿಯಲ್ಲಿ ತೆಗೆದುಹಾಕಿದೆ. ಎರಡು ದೊಡ್ಡ ಹುಳ ಬಿಟ್ಟು, ಬಟ್ಟಲಿನ ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಟ್ಟೆ. ಆಮೇಲೆ, ಭಾನುವಾರವಾದರೂ, ಮೇಡಂಗೆ ಫೋನ್ ಮಾಡಿದೆ.

"ಹಾಳೆ ಓದಿಲ್ಲ ಮೇಡಂ. ಒಗೆಯೋಕೆ ಹೋಯ್ತು. ಅದಕ್ಕೆ ಮೊದ್ಲೂ ಓದಿರ್ಲಿಲ್ಲ" ಎಂದೆ. ಕಂಡದ್ದನ್ನೆಲ್ಲ ವಿವರಿಸಿದೆ.

ಅವರು ಬೈಯಲಿಲ್ಲ. "ಅದು ನಾವು ಬಿಟ್ಟ ಹುಳದ ಮರಿ ಅಣ್ಣಾ. ನೋಡೋಕೆ ತಿಗಣೆ ಥರಾನೇ ಇರುತ್ತೆ, ಎಲ್ಲರೂ ಏಮಾರ್ತಾರೆ. ಮುಟ್ಟಿದ್ರೆ ಓಡುತ್ತಾ?"

"ಓಡ್ತದೆ."

"ಓಡಿದ್ರೆ ಅದು ನಮ್ದು. ಹೊಡೀಬೇಡಿ."

ಬೈಕಿನ ಸದ್ದು ಕೇಳಿತು. ಬಾಮೈದ ಎಂಟಕ್ಕೆ ಮೊದಲೇ ಬಂದಿದ್ದ. ಹಿಂದೆ ಪಂಪ್ ಕಟ್ಟಿಕೊಂಡಿದ್ದ. ಅಮ್ಮಾವ್ರೂ ಅಕ್ಕನೂ ಗೇಟಿನಿಂದ ಅವನ ಜೊತೆಗೇ ಬಂದರು.

ಮಳೆಕೋಟು, ಟವೆಲ್ಲಿನಲ್ಲಿದ್ದ ನನ್ನನ್ನು ನೋಡಿ ಅವನಿಗೆ ನಗು ತಡೆಯಲಿಲ್ಲ. "ಏನ್ ಭಾವ, ನೀನಿಲ್ಲೇ ಇದೀಯಾ! ನೀನಿರೋ ಕಡೆ ನನ್ಯಾಕೆ ಕರುಸ್ದೆ? ಇದೇನ್ ಮದುವಣಗಿತ್ತಿ ಥರ ಮುಸುಕು ಬೇರೆ?"

"ಇವತ್ತು ಹೊಡೆಯೋದಿಲ್ಲ ಕಣೋ" ಎಂದು ಬಟ್ಟಲು ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು. ಹತ್ತರಲ್ಲಿ ಏಳು ಉಳಿದಿದ್ದವು. ಮೂರರ ಜಾಗದಲ್ಲಿ ಹಿಟ್ಟು.

ಅಮ್ಮಾವ್ರು ನೆಟ್ಟಗಾದರು. "ಏಳೋ ಎಂಟೋ, ನಾಳೆ ಬರೋರಿಗೆ ಕಾಣೋದು ಬಿಳೀದೇ. ಬಟ್ಲು ತೋರ್ಸಿ ಸಸಿ ಮಾರ್ಲಾ? ನೀನ್ ಪಂಪ್ ತುಂಬಪ್ಪಾ" ಎಂದು ಬಾಮೈದನಿಗೆ ಹೇಳಿದರು. ಅವನು ಬಾಟಲಿಗೆ ಕೈ ಹಾಕಿದ. ಬರಿಗೈ.

ಬಟ್ಟಲಿನ ಮಾತು ಸಾಲದು ಎಂದು ಆಗ ಗೊತ್ತಾಯಿತು. ಬಾಟಲಿಯ ಮೇಲೆ ಕೈಯಿಟ್ಟು ಹಿಡಿದೆ.

"ನಾನು ಬಿಸ್ಲಿಗೆ ಬಿದ್ದಿದ್ದಲ್ಲ ಕಣೋ. ಇದಕ್ಕೇ ಬಿದ್ದಿದ್ದು. ಇನ್ನೊಂದು ಸಲ ಆದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಬೆಳಿಗ್ಗೆ ಹೊಡೀಬೇಕು ಅಂತ್ಲೇ ಬಂದೆ. ಮುಚ್ಚಳ ತೆಗ್ದೆ, ಆಗ್ಲಿಲ್ಲ. ನನಗೆ ಹೆದ್ರಿಕೆ ಆಗ್ತದೆ. ಇಲ್ಲಿಗೆ ಸೇರಿದಾಗಿಂದ ಪಂಪ್ ಇಟ್ಟಿರೋ ಈ ಷೆಡ್ಡಿನ ಮುಂದೆ ಹಾಯೋಕೂ ಹೆದ್ರಿಕೆ."

ಬಾಮೈದ ನನ್ನ ಮುಖವನ್ನೇ ನೋಡುತ್ತಿದ್ದವನು ಬಾಟಲಿಯಿಂದ ಕೈ ತೆಗೆದ. ಆ ಕೈಯನ್ನು ಮುಂದೆ ಚಾಚಿ ನಮ್ಮೆಲ್ಲರೆದುರು ಹಿಡಿದ. ಬೆರಳ ತುದಿಗಳು ಸಣ್ಣಗೆ ನಡುಗುತ್ತಿದ್ದವು.

"ನಾನಿನ್ನೂ ಮುಚ್ಚಳಾನೇ ತೆಗ್ದಿಲ್ಲ ಭಾವ" ಎಂದ. "ಒಂದು ವರ್ಷ ಆಯ್ತು ಹಿಂಗೆ. ಸಂಜೆ ಹೊತ್ತಿಗೆ ಕಣ್ಣು ಮಂಜಾಗ್ತದೆ. ನಿನ್ಗೆ ಹೇಳಿದ್ರೆ ನಗ್ತೀಯಾ ಅಂತ ಹೇಳಿರ್ಲಿಲ್ಲ."

ಅಮ್ಮಾವ್ರು ಬಾಟಲಿಯನ್ನು ತಾವೇ ಎತ್ತಿಕೊಂಡು ಷೆಡ್ಡಿನಲ್ಲಿಟ್ಟು ಬೀಗ ಹಾಕಿದರು. "ನಾಳೆ ಅವ್ರು ಬಂದಾಗ ನೀನೇ ಮಾತಾಡ್ಬೇಕು. ನನ್ನ ಕೈಲಾಗಲ್ಲ" ಎಂದರು.

ಸೋಮವಾರ ಬಂದ ರೈತರಿಗೆ ನಾನೇ ಎಲೆ ತಿರುಗಿಸಿ ತೋರಿಸಿದೆ. ಕಡ್ಡಿಯಿಂದ ಮುಟ್ಟಿ ಓಡಿಸಿದೆ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಲಿಲ್ಲ. ನೆರಳು ಬಲೆಯೊಳಗಿನ ಸಸಿ ಮಾತ್ರ ಎತ್ತಿದರು. ತಾಯಿಗಿಡದ ಮೇಲಿದ್ದ ಗೂಟಿಗಳನ್ನು ಬಿಟ್ಟು, ಬರುವ ತಿಂಗಳು ನೋಡುತ್ತೇನೆ ಎಂದು ಹೋದರು. ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅವರು ಎರಡನೇ ಸಲ ಬರುವಷ್ಟರಲ್ಲಿ ಮೂವತ್ತಾರು ಗಿಡಗಳಲ್ಲಿ ಹುಡುಕಿದರೂ ಒಂದೆರಡು ತಿಗಣೆ ಸಿಕ್ಕರೆ ಹೆಚ್ಚು ಎಂಬಂತಿತ್ತು, ಉಳಿದ ಗೂಟಿಗಳನ್ನೂ ಕೊಂಡರು. ನಾನೂ ಅಕ್ಕನೂ ಆರಿಸಿದ ನಾಲ್ಕು ಗಿಡಗಳ ಕಥೆ ಬೇರೆ. ಅಲ್ಲಿ ತಿನ್ನುವವರನ್ನು ನಾವೇ ಮುಗಿಸಿದ್ದೆವು. ಎರಡು ಗಿಡ ನಿಧಾನಕ್ಕೆ ಚೇತರಿಸಿಕೊಂಡವು. ಇನ್ನೆರಡನ್ನು ಮಂಡಿಯೆತ್ತರಕ್ಕೆ ಕಡಿದು ಸೊಪ್ಪನ್ನು ಸುಟ್ಟೆವು. ಸುಡುವಾಗ ಅಕ್ಕ, "ಬಾರಣ್ಣಾ, ಹೆಬ್ಬೆಟ್ಟು ತೊಳ್ಕೊಂಡು ಬಾ, ಊಟ ಮಾಡಾಣ" ಎಂದಳು. ಅದು ತಮಾಷೆಯೋ ಅಲ್ಲವೋ ನಾನು ಕೇಳಲಿಲ್ಲ.

ಬಾಮೈದ ಪಂಪ್ ಬಿಟ್ಟಿಲ್ಲ. ಬಿಟ್ಟು ಏನು ಮಾಡಲಿ ಎನ್ನುತ್ತಾನೆ. ಈಗ ಮುಖಕ್ಕೆ ಕಟ್ಟುತ್ತಾನೆ, ಕೈಗೆ ಗ್ಲೌಸ್ ಹಾಕುತ್ತಾನೆ. ಹೊಲಕ್ಕೆ ಹೋದವನು ಔಷಧಿ ಬೆರೆಸುವ ಮೊದಲು ನನಗೊಂದು ಫೋನ್ ಮಾಡುತ್ತಾನೆ. ಹೂವಿನ ಮೇಲೆ ನಿಂತಲ್ಲೇ ನಿಂತು ಹಾರುವ ಹಳದಿ ಪಟ್ಟೆಯ ನೊಣ, ಎಲೆಗೆ ನೂಲಿನ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಲ್ಲಿಸುವ ಹಸಿರು ರೆಕ್ಕೆಯದು, ಗಿಡದ ಹೇನಿನ ಗುಂಪಿನ ನಡುವೆ ಮುಳ್ಳುಮುಳ್ಳಾಗಿ ತಿರುಗುವ ಗುಲಗಂಜಿ ಮರಿ, ಇವನ್ನೆಲ್ಲ ಈಗ ನಾವಿಬ್ಬರೂ ಗುರುತು ಹಿಡಿಯುತ್ತೇವೆ. ಗುರುತು ಸಿಗದವು ಅದಕ್ಕಿಂತ ಜಾಸ್ತಿ ಇವೆ.

ಮೊನ್ನೆ ಫೋನ್ ಮಾಡಿದಾಗ ಒಂದು ಬದನೆ ತೋಟದಲ್ಲಿದ್ದ. "ಭಾವ, ಏನೋ ಬೆಳ್ಳಗಿದೆ. ಮುಟ್ಟಿದ್ರೆ ಕದಲ್ತಾ ಇಲ್ಲ. ಹೊಡೀಲಾ?"

ಫೋನಿನಾಚೆ ಪಂಪಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ನೀರು ನಿಲ್ಲಿಸು" ಎಂದೆ. "ಅಲ್ಲೇ ಕೂತು ಇನ್ನೊಂದು ಸ್ವಲ್ಪ ಹೊತ್ತು ನೋಡು. ತಿನ್ನೋವಾಗ ನಮ್ದೂ ಓಡಲ್ಲ. ನಾನು ಲೈನಲ್ಲೇ ಇರ್ತೀನಿ."

ನೀರಿನ ಸದ್ದು ನಿಂತಿತು. ಅವನ ಉಸಿರು ಮಾತ್ರ ಕೇಳುತ್ತಿತ್ತು. ಇಬ್ಬರೂ ಕಾದೆವು.